ಪಿಕ್ಸೆಲ್‌ಲ್ಯಾಬ್: ನಮ್ಮ ಕಡೆಯ ಮೀಮ್‌ಗಳ ಅಚ್ಚುಮನೆ

ಚಿತ್ರದ ಮೇಲೆ ಅಕ್ಷರ ಬರೆಯುವ ಆ್ಯಪ್‌ಗಳು ಹಲವಿದ್ದರೂ, ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದ ಆಡುಮಾತಿನಲ್ಲಿ ಮೀಮ್ ಮಾಡಬೇಕೆನ್ನುವವರಿಗೆ ನಾನು ಮೊದಲು ಸೂಚಿಸುವುದು ಆಂಡ್ರಾಯ್ಡ್ ಫೋನಿನ ಪಿಕ್ಸೆಲ್‌ಲ್ಯಾಬ್ ಆ್ಯಪನ್ನು. ನಮಗೆ ಇಷ್ಟವಾದ ಕನ್ನಡ ಫಾಂಟನ್ನು ನಾವೇ ತಂದು ಅದರೊಳಗೆ ಸೇರಿಸಿಕೊಳ್ಳಬಹುದು ಎಂಬುದೇ ಇದಕ್ಕೆ ಮುಖ್ಯ ಕಾರಣ. ಈ ಸೌಲಭ್ಯದ ಬೆಲೆ ತಿಳಿಯಬೇಕಾದರೆ ಮೀಮ್ ನಮ್ಮ ಕಡೆ ಬೆಳೆದ ಬಗೆಯನ್ನು ಸ್ವಲ್ಪ ನೋಡಬೇಕು.

ಮೀಮ್‌ನ ರೂಪವು ಇಂಗ್ಲಿಷಿನಲ್ಲಿ ಸಿದ್ಧವಾಗಿಯೇ ನಮಗೆ ಬಂದಿತು. ಚಿತ್ರದ ಮೇಲಂಚಿನಲ್ಲೂ ಕೆಳಅಂಚಿನಲ್ಲೂ ಕಪ್ಪು ಗೆರೆಯ ನಡುವೆ ದಪ್ಪ ಬಿಳಿ ಅಕ್ಷರಗಳನ್ನು ಬರೆಯುವ ಪದ್ಧತಿಗೆ ಬಳಕೆಯಾದದ್ದು 1965ರ ಇಂಪ್ಯಾಕ್ಟ್ ಎಂಬ ಫಾಂಟ್. ಅದರಲ್ಲಿ ಕನ್ನಡದ ಅಕ್ಷರಗಳಿಲ್ಲ. ಹೀಗಾಗಿ ಕನ್ನಡದ ಮಾತನ್ನೂ ರೋಮನ್ ಲಿಪಿಯಲ್ಲಿ ಬರೆದು ಹಂಚುವುದು ಬಹಳ ಕಾಲ ನಡೆದಿತ್ತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಆರಂಭವಾಗಿ ಡೇಟಾ ಅಗ್ಗವಾದ ಮೇಲೆ, ಊರೂರಿನ ಹುಡುಗ ಹುಡುಗಿಯರು ನೋಡುಗರಾಗಿ ಉಳಿಯದೆ ತಯಾರಕರಾದರು. 2019ರ ಉಪಚುನಾವಣೆಯ ಪ್ರಚಾರದಲ್ಲಿ, ಬೆಳಗಾವಿ ಜಿಲ್ಲೆಯ ಕಾಗವಾಡ ಕ್ಷೇತ್ರದಲ್ಲಿ ಸಿದ್ದರಾಮಯ್ಯನವರು ಮಾತನಾಡುತ್ತಿದ್ದಾಗ ಸಭಿಕರೊಬ್ಬರು ಕೂಗಿದ ‘ಹೌದ್ದ ಹುಲಿಯಾ’ ಎಂಬ ಉದ್ಗಾರವು ರಾಜ್ಯದ ತುಂಬ ಹರಡಿದ್ದು ನೆನಪಿರಬಹುದು. ಸಿನಿಮಾಗಳಲ್ಲಿ ಹೆಚ್ಚಾಗಿ ನಗೆಪಾತ್ರಗಳಿಗೆ ಮೀಸಲಾಗುತ್ತಿದ್ದ ನಮ್ಮ ಮಾತನ್ನು ಆಗ ಬೆಂಗಳೂರಿನವರೂ ಮೈಸೂರಿನವರೂ ಮೆಚ್ಚಿ ಆಡಿದರು.

ಬೇಂದ್ರೆಯವರು ಧಾರವಾಡದ ಆಡುಮಾತನ್ನು ಕಾವ್ಯದ ಎತ್ತರಕ್ಕೆ ಒಯ್ದಿದ್ದಾರೆ, ನಿಜ. ಆದರೆ ಪಠ್ಯಪುಸ್ತಕ, ಸುದ್ದಿಪತ್ರಿಕೆ, ಅರ್ಜಿ, ಆಮಂತ್ರಣಪತ್ರಿಕೆ ಮುಂತಾದ ದಿನಬಳಕೆಯ ಬರಹದಲ್ಲಿ ಆ ಮಾತಿಗೆ ಜಾಗ ಸಿಕ್ಕದ್ದು ಕಡಿಮೆ. ಮನೆಯಲ್ಲಿ ಒಂದು ಕನ್ನಡ, ಕಾಗದದ ಮೇಲೆ ಇನ್ನೊಂದು ಕನ್ನಡ ಎಂದು ಬೆಳೆದ ಜನರು ತಮ್ಮ ಮನೆಮಾತನ್ನು ತಾವೇ ಲಿಪಿಯಲ್ಲಿಟ್ಟು, ಅಪರಿಚಿತರು ಓದಲೆಂದು ದಿನವೂ ಪ್ರಕಟಿಸುತ್ತಿರುವ ತಾಣವೆಂದರೆ ನನ್ನ ದೃಷ್ಟಿಯಲ್ಲಿ ಮೀಮ್. ‘ಮಾಡಾಕತ್ತೀನಿ’ ಎಂದು ಒಬ್ಬರು ಬರೆದರೆ ‘ಮಾಡ್ಲಿಕತ್ತೇನಿ’ ಎಂದು ಇನ್ನೊಬ್ಬರು ಬರೆಯುತ್ತಾರೆ. ಯಾರೂ ಯಾರನ್ನೂ ತಿದ್ದುವುದಿಲ್ಲ. ಈ ಸ್ವಾತಂತ್ರ್ಯವನ್ನು ನಾನು ಬಹಳ ದೊಡ್ಡದೆಂದು ಭಾವಿಸುತ್ತೇನೆ.

ಈಗ ಆ್ಯಪಿನ ಪರೀಕ್ಷೆಗೆ ಬರೋಣ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ 2023ರಲ್ಲಿ ಉದ್ಘಾಟನೆಯಾದ, 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನ ಚಿತ್ರವನ್ನು ತೆಗೆದುಕೊಂಡು, ಅದರ ಮೇಲೆ ‘ಪ್ಲಾಟ್‌ಫಾರ್ಮ್ ಮುಗ್ಯೂದ್ರಾಗ ಊರ ಬಂದ್ಬಿಡ್ತೈತ್ರಿ’ ಎಂದು ಬರೆದು ನೋಡಿದೆ. ನಮ್ಮ ಆಡುಮಾತು ನಡುವಿನ ಸ್ವರಗಳನ್ನು ನುಂಗುತ್ತದೆಯಾದ್ದರಿಂದ ಬರಹಕ್ಕಿಳಿದಾಗ ಒತ್ತಕ್ಷರಗಳು ಒಂದರ ಹಿಂದೊಂದು ಸಾಲುಗಟ್ಟುತ್ತವೆ. ‘ಬರುತ್ತದೆ’ ಎಂಬುದಕ್ಕಿಂತ ‘ಬಂದ್ಬಿಡ್ತೈತ್ರಿ’ ಎಂಬುದಕ್ಕೆ ಸಾಲಿನ ಕೆಳಗೆ ಹೆಚ್ಚು ಸ್ಥಳ ಬೇಕು. ಇಂಗ್ಲಿಷ್ ಮೀಮಿನಂತೆ ಕಪ್ಪು ಅಂಚನ್ನು ದಪ್ಪಗೆ ಕೊಟ್ಟರೆ ಒತ್ತುಗಳ ಸಣ್ಣ ಸಂದುಗಳು ಮುಚ್ಚಿಹೋಗಿ, ಅಕ್ಷರವು ಮಸಿಯ ಕಲೆಯಂತೆ ಕಾಣುತ್ತದೆ. ಪಿಕ್ಸೆಲ್‌ಲ್ಯಾಬ್‌ನಲ್ಲಿ ಅಂಚಿನ ದಪ್ಪವನ್ನೂ ಸಾಲುಗಳ ನಡುವಿನ ಅಂತರವನ್ನೂ ಬೇರೆಬೇರೆಯಾಗಿ ಹೊಂದಿಸಬಹುದು. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ದೊರೆಯುವ ಬಲೂ ತಮ್ಮ ಎಂಬ ದಪ್ಪ ಫಾಂಟನ್ನು ಹಾಕಿ, ಅಂಚನ್ನು ತೆಳುವಾಗಿಸಿ, ಸಾಲಿನ ಅಂತರ ಹೆಚ್ಚಿಸಿದಾಗ ಇಡೀ ವಾಕ್ಯವು ಸಣ್ಣ ಪರದೆಯಲ್ಲೂ ಸ್ಪಷ್ಟವಾಗಿ ಓದಿಸಿಕೊಂಡಿತು.

ಡಿಟಿಪಿ ಅಂಗಡಿಗಳಿಂದ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟುಗಳನ್ನು ತಂದು ಹಾಕುವವರು ಒಂದು ಸಂಗತಿಯನ್ನು ಗಮನಿಸಬೇಕು. ಅವು ಇಂದಿನ ಫೋನು, ಕಂಪ್ಯೂಟರುಗಳೆಲ್ಲ ಬಳಸುವ ಯೂನಿಕೋಡ್ ಎಂಬ ಅಕ್ಷರಸಂಕೇತವನ್ನು ಅನುಸರಿಸದ ಕಾರಣ, ಫೋನಿನಲ್ಲಿ ನೇರವಾಗಿ ಟೈಪಿಸಿದ ಕನ್ನಡಕ್ಕೆ ಹೊಂದುವುದಿಲ್ಲ. ಪಠ್ಯವನ್ನು ಮೊದಲು ಪರಿವರ್ತಕ ತಂತ್ರಾಂಶದಲ್ಲಿ ಆ ಹಳೆಯ ಸಂಕೇತಕ್ಕೆ ಬದಲಿಸಿ ಅಂಟಿಸಬೇಕಾಗುತ್ತದೆ. ಹೊಸಬರು ಯೂನಿಕೋಡ್ ಫಾಂಟಿನಿಂದಲೇ ಆರಂಭಿಸುವುದು ಲೇಸು.

ಹಿನ್ನೆಲೆಯನ್ನು ಅಳಿಸುವ ಸೌಲಭ್ಯವು ಬಿಳಿ ಅಥವಾ ಹಸಿರಿನಂತಹ ಒಂದೇ ಬಣ್ಣದ ಹಿನ್ನೆಲೆಯಿದ್ದಾಗ ಅಚ್ಚುಕಟ್ಟಾಗಿ ಕೆಲಸ ಮಾಡುತ್ತದೆ. ಸಂತೆಯ ಗದ್ದಲದ ನಡುವಿನ ಮುಖವನ್ನು ಬಿಡಿಸಿಕೊಳ್ಳಲು ಅದು ಸಾಲದು. ಹೀಗೆ ಬಿಡಿಸಿದ ಮುಖ ಯಾರದು ಎಂಬುದನ್ನೂ ನಾವು ಕೇಳಿಕೊಳ್ಳಬೇಕು. ರಾಜಕಾರಣಿಯೋ ನಟನೋ ಆದರೆ ಅವರು ಸಾರ್ವಜನಿಕ ಜೀವನವನ್ನು ಆರಿಸಿಕೊಂಡವರು. ಬಸ್ಸಿನಲ್ಲಿ ನಿದ್ದೆ ಹೋದ ಅಜ್ಜನ ಚಿತ್ರವನ್ನು ಕದ್ದು ತೆಗೆದು, ಅವನ ಬಾಯಲ್ಲಿ ಅವನು ಆಡದ ಮಾತನ್ನಿಡುವುದು ನಮ್ಮ ಭಾಷೆಗೆ ಗೌರವ ತರುವ ಕೆಲಸವಲ್ಲ. ಅಂಥ ಮೀಮ್‌ಗಳು ನನಗೆ ನೋವುಂಟುಮಾಡುತ್ತವೆ.

ಉಚಿತ ಆ್ಯಪ್ ಆದ್ದರಿಂದ ಜಾಹೀರಾತುಗಳು ಬರುತ್ತವೆ. ರೀಲ್ಸ್ ಮಾಡುವವರಿಗೆ ವಿಡಿಯೊ ಆ್ಯಪ್ ಬೇರೆಯೇ ಬೇಕು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು, ಮುಗಿದ ಚಿತ್ರವನ್ನು ಮಾತ್ರವಲ್ಲದೆ ಪ್ರಾಜೆಕ್ಟನ್ನೂ ಉಳಿಸಿಕೊಳ್ಳುವ ವ್ಯವಸ್ಥೆ. ಅಕ್ಷರ ಮತ್ತು ಚಿತ್ರಗಳು ಬೇರೆಬೇರೆ ಪದರಗಳಾಗಿಯೇ ಇರುವ ಆ ಕಡತವನ್ನು ಮೀಮ್ ತಯಾರಕರು ‘ಪಿಎಲ್‌ಪಿ’ ಎಂದು ಕರೆದು ತಮ್ಮತಮ್ಮಲ್ಲಿ ಹಂಚಿಕೊಳ್ಳುತ್ತಾರೆ. ಧಾರವಾಡದಲ್ಲಿ ಮಾಡಿದ ಒಂದು ಮೀಮನ್ನು ಹಾವೇರಿಯ ಗೆಳೆಯರು ತೆರೆದು, ಚಿತ್ರವನ್ನು ಹಾಗೆಯೇ ಇಟ್ಟುಕೊಂಡು, ಮಾತನ್ನಷ್ಟೇ ತಮ್ಮೂರಿನ ಧಾಟಿಗೆ ತಿರುಗಿಸಿ ಮತ್ತೆ ಹಂಚಬಹುದು.