ಸಣ್ಣ ಕಾರಿಗೆ ಸಣ್ಣ ಟ್ರೇಲರ್: ಕೊಡಗಿನ ಏರಿಳಿತದಲ್ಲಿ ಬಳಸಿದ ಮೇಲೆ

ಸಿದ್ದಾಪುರದ ಕಡೆ ತೋಟದ ಸಾಮಾನು ಸಾಗಿಸಲು ಜೀಪು ಬೇಕು, ಇಲ್ಲವೇ ಪಿಕಪ್ ಬೇಕು. ನಮ್ಮದು ಎರಡನ್ನೂ ಸಾಕುವಷ್ಟು ದೊಡ್ಡ ತೋಟವಲ್ಲ. ಕೊಯ್ಲಿನ ಕಾಲದಲ್ಲಿ ನಾಲ್ಕು ಚೀಲ ಕಾಫಿ ಚೆರ್ರಿಗಾಗಿ ಕರೆದರೆ ಬಾಡಿಗೆ ಪಿಕಪ್ಪಿನವರು ಬರುವುದೂ ಇಲ್ಲ. ಹಾಗಾಗಿ ಹ್ಯಾಚ್‌ಬ್ಯಾಕ್ ಕಾರಿಗೆ ಒಂದೇ ಆಕ್ಸಲ್‌ನ, ಬ್ರೇಕ್ ಇಲ್ಲದ ಟ್ರೇಲರ್ ಮಾಡಿಸಿಕೊಂಡೆ. ಖಾಲಿ ತೂಕ 130 ಕೆ.ಜಿ. ಕೆಲವು ಮಳೆಗಾಲಗಳನ್ನು ಅದು ಕಂಡಾಗಿದೆ.

ಎಳೆಯುವಷ್ಟು ಶಕ್ತಿ ಕಾರಿಗಿದೆಯೇ ಎಂದು ಎಲ್ಲರೂ ಕೇಳುತ್ತಾರೆ. ಇಳಿಜಾರಿನಲ್ಲಿ ನಿಲ್ಲುತ್ತದೆಯೇ ಎಂದು ಒಬ್ಬರೂ ಕೇಳಿಲ್ಲ. ಟ್ರೇಲರಿಗೆ ಬ್ರೇಕ್ ಇಲ್ಲವೆಂದ ಮೇಲೆ ಅದರ ಭಾರವನ್ನೂ ಕಾರಿನ ಬ್ರೇಕೇ ಹೊರಬೇಕು. ಮಡಿಕೇರಿಯಿಂದ ಸುಂಟಿಕೊಪ್ಪದತ್ತ ಇಳಿಯುವಾಗ ಎರಡನೇ ಗೇರಿಗೋ ಮೂರನೇ ಗೇರಿಗೋ ಮೊದಲೇ ಬಂದು, ವೇಗವನ್ನು ಎಂಜಿನ್ನೇ ಹಿಡಿದಿಡುವಂತೆ ಬಿಡುತ್ತೇನೆ. ಬ್ರೇಕ್ ಒತ್ತುತ್ತಲೇ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ಸಂಪಾಜೆ ಘಾಟಿಗೆ ಭಾರ ಹೇರಿಕೊಂಡು ಇಳಿದಿಲ್ಲ, ಇಳಿಯುವ ಆಸೆಯೂ ಇಲ್ಲ.

ಸುರಕ್ಷತೆಯ ಬಹುಪಾಲು ಚೀಲ ಜೋಡಿಸುವಾಗಲೇ ತೀರ್ಮಾನವಾಗುತ್ತದೆ. ಭಾರದ ಸಾಮಾನು ಆಕ್ಸಲ್ ಮೇಲೆ, ಅದರಿಂದ ಸ್ವಲ್ಪ ಮುಂದಕ್ಕೆ ಕೂರಬೇಕು. ಹಿಂಭಾರವಾದರೆ ವೇಗ ಏರಿದಂತೆ ಟ್ರೇಲರ್ ಎಡಕ್ಕೂ ಬಲಕ್ಕೂ ಬಾಲ ಬೀಸಲು ತೊಡಗಿ ಕಾರನ್ನೂ ಜಗ್ಗುತ್ತದೆ. ಹಾಗಾದಾಗ ಸ್ಟೇರಿಂಗ್ ತಿರುಗಿಸಿ ಸರಿಪಡಿಸಲು ಹೋಗಬಾರದು, ಬ್ರೇಕನ್ನು ಜೋರಾಗಿ ಒತ್ತಲೂಬಾರದು. ಸ್ಟೇರಿಂಗ್ ನೆಟ್ಟಗೆ ಹಿಡಿದು ಆಕ್ಸಲರೇಟರಿನಿಂದ ಕಾಲು ತೆಗೆದರೆ ಸಾಕು.

ಟ್ರೇಲರನ್ನು ಕಾರಿಗೆ ಜೋಡಿಸುವ ಕೊಂಡಿಯ ಮೇಲೆ ಬೀಳುವ ಭಾರ ಟ್ರೇಲರಿನ ಒಟ್ಟು ತೂಕದ ಸುಮಾರು ಶೇ 10ರಷ್ಟಿರಲಿ ಎಂಬುದು ನಾನು ಪಾಲಿಸುವ ಲೆಕ್ಕ. ಕಾರು ತಯಾರಕರು ಕೊಂಡಿಗೆ ಕೊಟ್ಟ ಮಿತಿಯನ್ನು ಅದು ದಾಟಬಾರದು. ಅಳೆಯಲು ಸಂಜೆ ಹಣ್ಣು ತೂಗುವ ತಕ್ಕಡಿಯೇ ಸಾಕು. ಸಮತಟ್ಟಾದ ಕಣದಲ್ಲಿ ಟ್ರೇಲರ್ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ತಕ್ಕಡಿಯ ಮೇಲೆ ಮರದ ತುಂಡು ನಿಲ್ಲಿಸಿ, ಕೊಂಡಿಗೆ ಸಿಕ್ಕಿಸುವ ಟ್ರೇಲರಿನ ಮೂತಿಯನ್ನು ಅದರ ಮೇಲೆ ಇಳಿಸುತ್ತೇನೆ. 50 ಕೆ.ಜಿ.ಯ ನಾಲ್ಕು ಚೀಲ ಹೇರಿದರೆ ಒಟ್ಟು 330 ಕೆ.ಜಿ. ತಕ್ಕಡಿ 33ರ ಆಸುಪಾಸು ತೋರಿಸಬೇಕು. ಕಡಿಮೆ ಬಂದರೆ ಒಂದು ಚೀಲವನ್ನು ಗೇಣು ಮುಂದೆ ಸರಿಸಿದರೆ ಮುಳ್ಳು ಏರುತ್ತದೆ. ಮೆಣಸು ಕೊಯ್ಯುವ ಏಣಿಯನ್ನು ಹಿಂದಕ್ಕೆ ಚಾಚಿ ಕಟ್ಟಿದ ದಿನ ಹೀಗೆ ತೂಕ ನೋಡುವುದು ಕಡ್ಡಾಯ.

ಮೂತಿಯ ಭಾರ ಅತಿಯಾದರೆ ಇನ್ನೊಂದು ತಾಪತ್ರಯ. ಕಾರಿನ ಹಿಂಭಾಗ ಕುಸಿದು ಮುಂಭಾಗ ಹಗುರಾಗುತ್ತದೆ. ಎಂಜಿನ್ ತಿರುಗಿಸುವುದು ಮುಂದಿನ ಗಾಲಿಗಳನ್ನೇ ತಾನೇ? ಜುಲೈ ಮಳೆಯಲ್ಲಿ ತೋಟದ ಕೆಂಪು ಮಣ್ಣಿನ ಏರು ಹತ್ತಲು ಹೋದರೆ ಅವು ನಿಂತಲ್ಲೇ ಸುತ್ತುತ್ತವೆ. ಮಳೆಗಾಲದಲ್ಲಿ ನಮ್ಮ ಟ್ರೇಲರ್ ಡಾಂಬರು ಬಿಟ್ಟು ಇಳಿಯುವುದಿಲ್ಲ. ಅಲ್ಲಿಂದಾಚೆಗೆ ತಲೆಹೊರೆಯೇ ಗತಿ. "ಆ ದುಡ್ಡಿಗೆ ಹಳೆಯ ಜೀಪೇ ಬರುತ್ತಿತ್ತಲ್ಲ ಮಾರಾಯ" ಎಂದು ಪಕ್ಕದ ತೋಟದವರು ಹೇಳುವುದು ಈ ಮಟ್ಟಿಗೆ ಸರಿ. ಜೀಪಿನ ಡೀಸೆಲ್ ಲೆಕ್ಕ ಮಾತ್ರ ಅವರು ಹೇಳುವುದಿಲ್ಲ.

ಮಾಡಿಸುವ ಮುನ್ನ ಕಾರಿನ ಕೈಪಿಡಿ ತೆರೆದು ನೋಡಿ. ಎಳೆಯಬಾರದು ಎಂದಿದ್ದರೆ ಅಲ್ಲಿಗೇ ಬಿಡಿ. ಕೆಟ್ಟು ನಿಂತ ಕಾರನ್ನು ಎಳೆಯಲು ಬಂಪರಿನಲ್ಲಿ ಸಿಕ್ಕಿಸುವ ಕೊಕ್ಕೆ ಟ್ರೇಲರಿಗೆ ಆಗುವುದಿಲ್ಲ. ಅಂಗಡಿಯಲ್ಲಿ ಅಂದಕ್ಕೆಂದು ಬಂಪರಿಗೆ ಬಿಗಿಯುವ ಕೊಂಡಿಯ ಗುಂಡೂ ಆಗುವುದಿಲ್ಲ. ಕೊಂಡಿ ಕಾರಿನ ಅಡಿಯ ಚೌಕಟ್ಟಿಗೇ ಬೋಲ್ಟ್ ಆಗಬೇಕು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ, ಆದ್ದರಿಂದ ನೋಂದಣಿ ಬೇಕು.

ದೂರುಗಳೂ ಇವೆ. ಖಾಲಿಯಾಗಿದ್ದಾಗ ಸ್ಪ್ರಿಂಗ್ ಪಟ್ಟಿ ಬಿಗಿಯಾಗಿ, ಗುಂಡಿ ಕಂಡಲ್ಲೆಲ್ಲ ಕುಪ್ಪಳಿಸುತ್ತದೆ. ಲೈಟಿನ ಪ್ಲಗ್ ಮೊದಲ ಮಳೆಗೇ ಹಸಿರು ಕಿಲುಬು ಹಿಡಿಯಿತು. ಮಾಡಿಕೊಟ್ಟವರು ಮಳೆ ಎಂದರೆ ಮೈಸೂರಿನ ಮಳೆ ಎಂದುಕೊಂಡಿದ್ದಿರಬೇಕು. ರಬ್ಬರ್ ಮುಚ್ಚಳದ ಪ್ಲಗ್ ಹಾಕಿಸಿದ ಮೇಲೆ ಬ್ರೇಕ್ ಲೈಟ್ ಕೈಕೊಟ್ಟಿಲ್ಲ. ಕೊಂಡಿಯ ಕೆಳಗೆ ಅಡ್ಡಡ್ಡವಾಗಿ ಹಾಯಿಸುವ ಎರಡು ಸರಪಳಿಗಳನ್ನು ಮಾತ್ರ ಒಳ್ಳೆಯ ದಪ್ಪದವೇ ಕೊಟ್ಟಿದ್ದಾರೆ. ಕೊಂಡಿ ಕಳಚಿದರೂ ಮೂತಿ ನೆಲಕ್ಕೆ ಕುಟ್ಟದೆ ಆ ಸರಪಳಿಯ ತೊಟ್ಟಿಲಲ್ಲಿ ನಿಲ್ಲುತ್ತದೆ.

ಹಿಮ್ಮುಖ ಚಾಲನೆ ಅಭ್ಯಾಸದ ಮಾತು: ಸ್ಟೇರಿಂಗನ್ನು ಕೆಳಗಡೆ ಹಿಡಿದು, ಟ್ರೇಲರ್ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆಗೇ ಒಯ್ಯಬೇಕು. ತಿರುವುಗಳಲ್ಲಿ ಅದರ ಗಾಲಿ ಕಾರಿಗಿಂತ ಒಳಗೇ ಹಾಯುತ್ತದೆ. ಚರಂಡಿಯ ಕಡೆ ಜಾಗ ಬಿಟ್ಟೇ ತಿರುಗಿಸಬೇಕು.

ಮುಂದಿನ ಕೊಯ್ಲಿಗೆ ಮುಂಚೆ ಓವರ್‌ರನ್ ಬ್ರೇಕ್ ಹಾಕಿಸುವ ಯೋಚನೆಯಿದೆ. ಕಾರು ನಿಧಾನಿಸಿದಾಗ ಟ್ರೇಲರ್ ಮುಂದಕ್ಕೆ ಒತ್ತುತ್ತದೆ; ಆ ಒತ್ತಡವೇ ಅದರ ಬ್ರೇಕ್ ಹಿಡಿಸುತ್ತದೆ. ನಮ್ಮ ಗೇಟಿನ ಏರಿನಲ್ಲಿ ಹಿಂದಕ್ಕೆ ದೂಡುವಾಗಲೂ ಅದು ಹಿಡಿದುಕೊಳ್ಳಬಹುದಾದ್ದರಿಂದ, ರಿವರ್ಸಿನಲ್ಲಿ ಬಿಡಿಸಿಕೊಳ್ಳುವ ವ್ಯವಸ್ಥೆ ಇರುವುದನ್ನೇ ಹುಡುಕುತ್ತಿದ್ದೇನೆ.