ನಂಬರ್ ಒತ್ತಿದರೆ ಕೀರ್ತನೆ: ವಯಸ್ಸಾದವರ ಕೈಗೆ ಸತ್ಯವೇದದ ಪೆಟ್ಟಿಗೆ

ದಾವಣಗೆರೆಯ ಮಂಡಿಪೇಟೆಯಲ್ಲಾಗಲಿ, ಚಿತ್ರದುರ್ಗದ ಬಿ.ಡಿ. ರಸ್ತೆಯಲ್ಲಾಗಲಿ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ ಕೇಳಿದರೆ ಅಂಗೈಯಗಲದ ಸ್ಪೀಕರ್ ಪೆಟ್ಟಿಗೆ ತೆಗೆದು ಮುಂದಿಡುತ್ತಾರೆ. ಮೆಮೊರಿ ಕಾರ್ಡ್, ಪೆನ್‌ಡ್ರೈವ್, ಎಫ್‌ಎಂ ಎಲ್ಲ ಇರುತ್ತದೆ. ಭಜನೆಗೂ ಹಳೇ ಸಿನಿಮಾ ಹಾಡಿಗೂ ಜನ ಒಯ್ಯುವ ಪೆಟ್ಟಿಗೆಯೇ. ಬೆಲೆ ಸಾಮಾನ್ಯವಾಗಿ ಸಾವಿರದೊಳಗೆ. ಇದಕ್ಕೆ ಕನ್ನಡ ಸತ್ಯವೇದದ (ಬೈಬಲಿನ) ಆಡಿಯೊ ಕಾರ್ಡ್ ಹಾಕಿದರೆ, ಕಣ್ಣಿಗೆ ಪೊರೆ ಬಂದು ಒತ್ತು ಯಾವುದು ದೀರ್ಘ ಯಾವುದು ಕಾಣದೆ ಓದು ಬಿಟ್ಟವರಿಗೆ ವಾಕ್ಯ ಮತ್ತೆ ಸಿಗುತ್ತದೆ. ತೀರ್ಪು ಮೊದಲೇ ಹೇಳಿಬಿಡೋಣ: ಪೆಟ್ಟಿಗೆ ಧಾರಾಳವಾಗಿ ಕೊಳ್ಳಿ. ಆದರೆ ತುಂಬಿಸಿ ಮಾರುವ ಕಾರ್ಡನ್ನು ಹಾಗೇ ಹಾಕಿ ಕೊಡಬೇಡಿ.

ತುಂಬಿಸಿದ ಕಾರ್ಡ್ ಸಾಮಾನ್ಯವಾಗಿ ಸತ್ಯವೇದದ ಮೊದಲ ಗ್ರಂಥ ಆದಿಕಾಂಡದ 1ನೇ ಅಧ್ಯಾಯದಿಂದ ಶುರುವಾಗುತ್ತದೆ. ಅಗ್ಗದ ಪೆಟ್ಟಿಗೆಗಳಲ್ಲಿ ಅನೇಕವು ಆಫ್ ಮಾಡಿ ಆನ್ ಮಾಡಿದರೆ ನಿಂತ ಜಾಗ ಮರೆತು ಮೊದಲಿಗೇ ಹೋಗುತ್ತವೆ. ಹಾಗಾಗಿ ಅಜ್ಜಿಗೆ ಸೃಷ್ಟಿಯ ಆರು ದಿನ ಮುಗಿಯುವುದೇ ಇಲ್ಲ. ನಿಂತಲ್ಲಿಂದ ಮುಂದುವರಿಯುವ ಪೆಟ್ಟಿಗೆಯಾದರೂ ಆದಿಕಾಂಡದ 50, ವಿಮೋಚನಕಾಂಡದ 40 ಅಧ್ಯಾಯ ದಾಟಿ ಯಾಜಕಕಾಂಡದ ಹೋಮ ನೈವೇದ್ಯದ ವಿಧಿಗಳಿಗೆ ಬರುವಷ್ಟರಲ್ಲಿ ಕೇಳುವವರು ನಿದ್ದೆ ಹೋಗಿರುತ್ತಾರೆ. 66 ಗ್ರಂಥಗಳ ಸತ್ಯವೇದದಲ್ಲಿ ಒಟ್ಟು 1,189 ಅಧ್ಯಾಯ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ, ‘ಮಕ್ಕಳಿಗೆ ಭಾರವಾದೆನಲ್ಲ’ ಎಂದು ಒಬ್ಬರೇ ಕೂತವರಿಗೆ ಆ ರಾಶಿಯಲ್ಲಿ ಬೇಕಾದ್ದು ಹುಡುಕಿಕೊಳ್ಳಲು ಆಗುತ್ತದೆಯೇ?

ಅದಕ್ಕೆ ಅಂಗಡಿಯಲ್ಲೇ ನೋಡಬೇಕಾದ ಮುಖ್ಯ ಸಂಗತಿ 0ಯಿಂದ 9ರವರೆಗೆ ನಂಬರ್ ಬಟನ್ ಇದೆಯೋ ಇಲ್ಲವೋ ಎಂಬುದು. ಬಟನ್ ಇರುವ ಮಾದರಿಯಲ್ಲಿ ನಂಬರ್ ಒತ್ತಿದರೆ ಕಾರ್ಡಿನ ಆ ನಂಬರಿನ ಫೈಲ್ ಹಾಡುತ್ತದೆ. ಖಾಲಿ ಕಾರ್ಡಿಗೆ ಮೊದಲು ಸತ್ಯವೇದದ ಕೀರ್ತನೆಗಳ ಗ್ರಂಥದ 150 ಕೀರ್ತನೆ ಮಾತ್ರ ಕ್ರಮವಾಗಿ ಹಾಕಿಬಿಟ್ಟರೆ, 71 ಒತ್ತಿದಾಗ 71ನೇ ಕೀರ್ತನೆಯೇ ಬರುತ್ತದೆ. ‘ಮುಪ್ಪಿನಲ್ಲಿ ನನ್ನನ್ನು ತಳ್ಳಿಬಿಡಬೇಡ’ ಎಂದು ದೇವರನ್ನೇ ಕೇಳುವ ಕೀರ್ತನೆ ಅದು. 151ರಿಂದ ಮುಂದಕ್ಕೆ ನಿಮ್ಮ ಆಯ್ಕೆ. ನಾವು ಹಾಕುವುದು ಯೆಶಾಯ 46, ಲೂಕ 2, ಯೋಹಾನ 14, ರೋಮಾಪುರದವರಿಗೆ 8, ಎರಡನೆಯ ಕೊರಿಂಥ 4, ಪ್ರಕಟನೆ 21. ಲೂಕ 2 ಎಂದರೆ ಕ್ರಿಸ್ಮಸ್ಸಿನ ಅಧ್ಯಾಯ ಎಂದಷ್ಟೇ ನೆನಪಿಟ್ಟುಕೊಂಡವರು ಅದರ ದ್ವಿತೀಯಾರ್ಧ ಕೇಳಲಿ: ಸಿಮೆಯೋನನೂ 84ರ ವಿಧವೆ ಅನ್ನಳೂ ಅಲ್ಲಿದ್ದಾರೆ. ದೇವಾಲಯದಲ್ಲಿ ಮಗು ಯೇಸುವನ್ನು ಗುರುತಿಸಿದ್ದು ಈ ವಯಸ್ಸಾದವರೇ.

ದುಃಖದ ಕೀರ್ತನೆಗಳನ್ನು ತೆಗೆದುಹಾಕಬೇಡಿ. ‘ಪಾಪ, ಅಮ್ಮನಿಗೆ ಬೇಜಾರಾಗುತ್ತೆ’ ಎಂದು ಮಕ್ಕಳು 88ನ್ನು ಅಳಿಸುವುದುಂಟು, ಅದು ಕತ್ತಲಲ್ಲೇ ಮುಗಿಯುತ್ತದೆಂದು. ಆದರೆ ಗಂಡನನ್ನು ಮಣ್ಣು ಮಾಡಿ ಬಂದವರಿಗೆ ಬರೀ ಸಮಾಧಾನದ ಮಾತು ಹಿಡಿಸುವುದಿಲ್ಲ. ತನ್ನ ಅಳಲು ಸತ್ಯವೇದದಲ್ಲೂ ಇದೆಯಲ್ಲ ಎನ್ನುವುದೇ ಅವರಿಗೆ ಮೊದಲ ಆಸರೆ. 88 ಕೇಳಿದ ಮೇಲೆ 71 ಒತ್ತುವ ಅಭ್ಯಾಸ ಮಾಡಿಸಿದರೆ ಸಾಕು. ಮಲಗುವ ಮುಂಚೆ 4, 91, 134. ಮೂರೂ ಹಳೆಯ ಕಾಲದಿಂದ ಕ್ರೈಸ್ತ ಸಭೆಯ ರಾತ್ರಿ ಪ್ರಾರ್ಥನೆಯಲ್ಲಿ ಇರುವಂಥವು.

ಇನ್ನು ಕಾರ್ಡ್ ಸಿದ್ಧಮಾಡುವ ಕೆಲಸ. ಹೆಚ್ಚಿನವರು ಎಡವುವುದು ಇಲ್ಲೇ. 64 ಜಿಬಿಗೂ ಅದಕ್ಕಿಂತ ದೊಡ್ಡದಕ್ಕೂ ಹೋಗಬೇಡಿ. ಅವು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಎಂಬ ಫಾರ್ಮ್ಯಾಟ್‌ನಲ್ಲಿ (ಕಾರ್ಡಿನಲ್ಲಿ ಫೈಲ್ ಜೋಡಿಸಿಡುವ ವಿಧಾನ) ಬರುತ್ತವೆ, ಈ ಪೆಟ್ಟಿಗೆಗಳಲ್ಲಿ ಅನೇಕವು ಓದುವುದು ಫ್ಯಾಟ್32 ಎಂಬ ಫಾರ್ಮ್ಯಾಟ್ ಮಾತ್ರ. 8 ಜಿಬಿ ಕಾರ್ಡ್ ಧಾರಾಳ: 64 ಕೆಬಿಪಿಎಸ್ ಗುಣಮಟ್ಟದ ಎಂಪಿ3 ಆಡಿಯೊ ಗಂಟೆಗೆ ಸುಮಾರು 29 ಎಂಬಿ ಅಷ್ಟೇ ಹಿಡಿಯುತ್ತದೆ. ಫೈಲಿಗೆ ಕನ್ನಡ ಹೆಸರು ಬೇಡ. 001, 002, 003 ಎಂದು ಮೂರಂಕಿ ಕೊಡಿ. ಬರೀ 1, 2 ಎಂದು ಕೊಟ್ಟರೆ 1 ಆದಮೇಲೆ 10, 100 ಬಂದು ಕೂರುವ ಸಂಭವ ಉಂಟು. ಇಷ್ಟಾದರೂ ಕ್ರಮ ತಪ್ಪಿತೇ? ಈ ಪೆಟ್ಟಿಗೆಗಳಲ್ಲಿ ಅನೇಕವು ಹೆಸರು ನೋಡುವುದೇ ಇಲ್ಲ, ಯಾವ ಫೈಲ್ ಮೊದಲು ಕಾರ್ಡಿಗೆ ಬಿತ್ತೋ ಅದನ್ನೇ ಒಂದು ಎಂದು ಎಣಿಸುತ್ತವೆ. ಕಾರ್ಡನ್ನು ಫಾರ್ಮ್ಯಾಟ್ ಮಾಡಿ, ಹತ್ತು ಹತ್ತು ಫೈಲಿನಂತೆ ಕ್ರಮದಲ್ಲೇ ಕಾಪಿ ಮಾಡಿ. ನಡುವೆ ಒಂದನ್ನು ಅಳಿಸಿ ಮತ್ತೆ ಹಾಕಿದರೆ ಎಣಿಕೆ ಕೆಡಬಹುದು, ಆಗ ಪೂರ್ತಿ ಫಾರ್ಮ್ಯಾಟ್ ಮಾಡುವುದೇ ಸುಲಭ. ಕೊಡುವ ಮುಂಚೆ 1, 23, 71, 150 ಒತ್ತಿ ಪರೀಕ್ಷಿಸಿ.

ಯಾವ ಧ್ವನಿ, ಯಾವ ಅನುವಾದ ಎಂಬುದೂ ಮುಖ್ಯ. ವಯಸ್ಸಾದಂತೆ ಕಿವಿ ಮೊದಲು ಬಿಡುವುದು ಎತ್ತರದ ಸ್ವರಗಳನ್ನು. ಸ, ಶ, ತ ಮಸುಕಾಗಿ ಕೇಳುತ್ತವೆ. ಸೌಂಡ್ ಎಷ್ಟು ಏರಿಸಿದರೂ ‘ಕೇಳುತ್ತೆ, ಅರ್ಥ ಆಗಲ್ಲ’ ಎನ್ನುವುದು ಅದಕ್ಕೇ. ಹಿನ್ನೆಲೆ ಸಂಗೀತ, ಗುಡುಗು, ಜನರ ಗದ್ದಲ ಸೇರಿಸಿದ ನಾಟಕೀಯ ಆಡಿಯೊ ಚಿಕ್ಕವರಿಗೆ ಚೆಂದ, ಇವರಿಗೆ ಬೇಡ. ಒಬ್ಬರೇ ನಿಧಾನವಾಗಿ ಓದಿದ್ದು ಹುಡುಕಿ. ಅನುವಾದ ಅವರಿಗೆ ಬಾಯಿಪಾಠವಾದದ್ದೇ ಇರಲಿ. 23ನೇ ಕೀರ್ತನೆ ಹಾಕಿ ಅವರ ಮುಖ ನೋಡಿ: ತುಟಿ ಜೊತೆಗೇ ಅಲುಗಾಡಿದರೆ ಸರಿಯಾದ ಅನುವಾದ, ಹುಬ್ಬು ಗಂಟಿಕ್ಕಿದರೆ ಬದಲಾಯಿಸಿ. ಕಥೊಲಿಕ ಮನೆಯವರು ಇಡೀ ಬೈಬಲ್ ಬೇಕೆಂದಿದ್ದರೆ ಗಮನಿಸಿ, ಅವರದು 73 ಗ್ರಂಥ. ಪ್ರೊಟೆಸ್ಟಂಟರ 66 ಗ್ರಂಥಗಳದ್ದೇ ಕೈಗೆ ಸಿಗುವುದು ಹೆಚ್ಚು.

ಪೆಟ್ಟಿಗೆಯ ದೊಡ್ಡ ದೋಷ ಬಟನ್. ಒಮ್ಮೆ ಒತ್ತಿದರೆ ಮುಂದಿನ ಫೈಲ್, ಒತ್ತಿ ಹಿಡಿದರೆ ಸೌಂಡ್. ನಡುಗುವ ಬೆರಳಿಗೆ ಈ ವ್ಯತ್ಯಾಸ ಮಾಡಲಾಗದು. ಸೌಂಡಿಗೆ ತಿರುಗಿಸುವ ಗುಂಡಿ ಇರುವುದನ್ನೇ ಆರಿಸಿ. ‘ಮೋಡ್’ ಬಟನ್ ತಪ್ಪಿ ಒತ್ತಿದರೆ ಬ್ಲೂಟೂತ್ ಎಂದು ಇಂಗ್ಲಿಷಿನಲ್ಲಿ ಕಿರುಚಿ ಗಾಬರಿ ಹುಟ್ಟಿಸುತ್ತದೆ. ಅದರ ಮೇಲೆ ದಪ್ಪ ರಟ್ಟು ಇಟ್ಟು ಟೇಪ್ ಸುತ್ತಿ. ಪ್ಲೇ ಬಟನ್ ಮೇಲೆ ಫೆವಿಕ್ವಿಕ್‌ನಿಂದ ಒಂದು ಸಾಸಿವೆ ಕಾಳು ಅಂಟಿಸಿದರೆ ಕತ್ತಲಲ್ಲೂ ಬೆರಳಿಗೆ ಸಿಗುತ್ತದೆ. ಚಾರ್ಜಿಂಗ್ ಪಿನ್ ಟೈಪ್-ಸಿ ಇರಲಿ, ತಿರುಗುಮುರುಗು ಎಂಬ ತಾಪತ್ರಯವಿಲ್ಲ. ಬ್ಯಾಟರಿ ಹಿಂದಿನ ಮುಚ್ಚಳ ತೆಗೆದು ಬದಲಿಸುವಂಥದ್ದಾಗಲಿ. ಸದಾ ಪ್ಲಗ್ಗಿನಲ್ಲೇ ಇಟ್ಟರೆ, ಅದರಲ್ಲೂ ನಮ್ಮ ಏಪ್ರಿಲ್–ಮೇ ಬಿಸಿಲಿಗೆ ಶೀಟಿನ ಮನೆಯ ಕಿಟಕಿಯಲ್ಲಿಟ್ಟರೆ, ಉಬ್ಬಬಹುದು. ಉಬ್ಬಿದ್ದನ್ನು ಅದುಮಿ ಮುಚ್ಚಳ ಹಾಕಬಾರದು, ಬದಲಿಸಲೇಬೇಕು.

ದೊಡ್ಡಕ್ಷರದ ಸತ್ಯವೇದ ಇದಕ್ಕೆ ಪರ್ಯಾಯವೇ? ಕಣ್ಣು ಸ್ವಲ್ಪ ಉಳಿದಿದ್ದರೆ ಎರಡೂ ಇರಲಿ. ಆದರೆ ಇಡೀ ಸಂಪುಟದ ತೂಕ ತೊಡೆ ತಡೆಯದು; ಪುಸ್ತಕ ಇಟ್ಟು ಓದುವ ವ್ಯಾಸಪೀಠ ಬೇಕೇ ಬೇಕು (ಹೆಸರಿಗೆ ಹಿಂಜರಿಯಬೇಡಿ, ಮರದ ಹಲಗೆಗೆ ಯಾವ ಮತ?). ಹೊಸ ಒಡಂಬಡಿಕೆ ಮತ್ತು ಕೀರ್ತನೆ ಮಾತ್ರ ಇರುವ ಪುಸ್ತಕ ಹಗುರ.

ಪೆಟ್ಟಿಗೆ ಕಳಿಸಿ ಬೆಂಗಳೂರಲ್ಲಿ ನಿಶ್ಚಿಂತೆಯಿಂದ ಕೂರುವ ಮಕ್ಕಳಿಗೊಂದು ಮಾತು. ಚರ್ಚಿನಲ್ಲಿ ಕೊಡುವ ಕರ್ತನ ಭೋಜನವನ್ನೂ ಪರಮಪ್ರಸಾದವನ್ನೂ ಇದು ಕೊಡುವುದಿಲ್ಲ. ಚರ್ಚಿಗೆ ಬರಲಾಗದವರ ಹೆಸರು, ಮನೆ ಗುರುತು, ಯಾವ ಹೊತ್ತಿಗೆ ಎದ್ದು ಕೂತಿರುತ್ತಾರೆ ಎಂಬುದನ್ನು ಪಾಸ್ಟರಿಗೋ ಫಾದರಿಗೋ ಬರೆದೇ ಕೊಡಿ; ಬಾಯಲ್ಲಿ ಹೇಳಿದ್ದು ಭಾನುವಾರದ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ. ಕಥೊಲಿಕ ಸಭೆಯಲ್ಲಿ 2021ರಿಂದ ಜುಲೈ ನಾಲ್ಕನೇ ಭಾನುವಾರ ಅಜ್ಜ-ಅಜ್ಜಿಯರ, ಹಿರಿಯರ ದಿನ; ಮನೆ ಭೇಟಿ ಕೇಳಲು ಅದೊಂದು ನೆಪವೂ ಆಗುತ್ತದೆ.

ಜೊತೆಗೆ ರಟ್ಟಿನ ಮೇಲೆ ಕಪ್ಪು ಮಾರ್ಕರಿನಲ್ಲಿ ಎರಡು ಬೆರಳಗಲದ ಅಂಕಿ ಬರೆದು ಹಾಸಿಗೆ ಪಕ್ಕ ನೇತುಹಾಕಿ: ನಿದ್ದೆ ಬಾರದಾಗ 4, ಭಯವಾದಾಗ 91, ಯಾರೂ ಇಲ್ಲ ಅನ್ನಿಸಿದಾಗ 71, ಸುಮ್ಮನೆ 23. ಐದಕ್ಕೆ ನಾಲ್ಕು ಸ್ಟಾರ್. ಒಂದು ಕಳೆದದ್ದು ಆ ಮೋಡ್ ಬಟನ್ನಿಗೆ.