ಕುಪ್ಪಳಿ ಕವಿಮನೆ: ಮನೆಗೆ ಒಂದು ಗಂಟೆ, ಬಂಡೆಗೆ ಎರಡು

ಶೃಂಗೇರಿ, ಆಗುಂಬೆ ಸುತ್ತುವ ದಾರಿಯಲ್ಲಿ ಅರ್ಧ ಗಂಟೆ ಬಿಡುವು ಮಾಡಿಕೊಂಡು, ಕುವೆಂಪು ಬೆಳೆದ ಕುಪ್ಪಳಿಗೆ ಬರುವವರೇ ಹೆಚ್ಚು. ಮಟಮಟ ಮಧ್ಯಾಹ್ನ ಬಂದು, ಅವರ ಮನೆಯಾದ ಕವಿಮನೆಯ ಮಹಡಿ ಹತ್ತಿಳಿದು, ಪಕ್ಕದ ಬಂಡೆಗುಡ್ಡ ಕವಿಶೈಲದ ಕಲ್ಲುಕಂಬಗಳ ಮುಂದೆ ಫೋಟೋ ತೆಗೆಸಿಕೊಂಡು ಹೊರಡುತ್ತಾರೆ. ಆ ಹೊತ್ತಿಗೆ ಬಂಡೆ ಕಾದ ಕಾವಲಿ. ಹಕ್ಕಿಗಳೆಲ್ಲ ನೆರಳು ಸೇರಿರುತ್ತವೆ. ಕುವೆಂಪು ಇಲ್ಲೇನು ಕಂಡರೋ ಎಂದು ಅನ್ನಿಸಿದರೆ ತಪ್ಪು ಜಾಗದ್ದಲ್ಲ, ಗಡಿಯಾರದ್ದು. ಮೂರೂವರೆಗೆ ತಲುಪಿ, ಮೊದಲು ಮನೆ ನೋಡಿ, ಐದರ ನಂತರ ಬಂಡೆ ಹತ್ತಿ. ಸಂಜೆಯಾದರೆ ಮನೆಯ ಬಾಗಿಲು ಹಾಕುತ್ತಾರೆ, ಹಾಗಾಗಿ ಈ ಕ್ರಮ ಉಲ್ಟಾ ಮಾಡಲು ಬರುವುದಿಲ್ಲ.

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿ.ಮೀ., ಅಲ್ಲಿಂದ ಕೊಪ್ಪದ ರಸ್ತೆ ಹಿಡಿದರೆ ಹದಿನೈದು ಕಿ.ಮೀ. ಚಿಲ್ಲರೆ. ಬಸ್ಸಿನವರು ವಾಪಸು ಬಸ್ಸಿನ ಹೊತ್ತನ್ನು ಇಳಿಯುವಾಗಲೇ ಕಂಡಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಿ. ಕತ್ತಲಾದ ಮೇಲೆ ಆ ದಾರಿಯಲ್ಲಿ ಕೈ ತೋರಿಸಿ ನಿಲ್ಲುವುದು ಸುಖದ ಕೆಲಸವಲ್ಲ. ಊಟ ತೀರ್ಥಹಳ್ಳಿಯಲ್ಲೇ ಮುಗಿಸಿ. ನೀರಿನ ಬಾಟಲಿ ಜೊತೆಗಿರಲಿ.

ಕುವೆಂಪು ಹುಟ್ಟಿದ ಮನೆ ಇದೇ ಎಂದುಕೊಂಡು ಬಂದವರಿಗೆ ಮೊದಲೇ ಒಂದು ತಿದ್ದುಪಡಿ. ಕುವೆಂಪು ಹುಟ್ಟಿದ್ದು ಇಲ್ಲಲ್ಲ. 1904ರ ಡಿಸೆಂಬರ್ 29ರಂದು, ತಾಯಿಯ ತವರಾದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಬೆಳೆದದ್ದು ಈ ಮನೆಯಲ್ಲಿ. ಶಿಥಿಲವಾಗಿದ್ದುದನ್ನು ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಮತ್ತೆ ಎತ್ತಿ ನಿಲ್ಲಿಸಿ ಮ್ಯೂಸಿಯಂ ಮಾಡಿದೆ. ಮೂರು ಅಂತಸ್ತು, ನಡುವೆ ತೆರೆದ ಅಂಗಳ, ಸುತ್ತ ಜಗಲಿ, ಮರದ ಮುಂಡಿಗೆಗಳು, ಮೇಲೆ ಹೆಂಚು. ಚಪ್ಪಲಿ ಹೊರಗೆ. ಒಳಗೆ ಫೋಟೋ ತೆಗೆಯುವ ಮೊದಲು ಸಿಬ್ಬಂದಿಯನ್ನು ಕೇಳಿ.

ಒಳಗೆ ಹೋದವರು ನೇರ ಪ್ರಶಸ್ತಿಗಳಿರುವ ಕಡೆ ನುಗ್ಗುತ್ತಾರೆ. ನುಗ್ಗಬೇಡಿ, ಕೆಳಗಿನ ಅಂಗಳದಲ್ಲಿ ಇಪ್ಪತ್ತು ನಿಮಿಷ ಇರಿ. ಜಗಲಿಯ ಅಂಚಿಗೆ ಕೂಡಿಸಿದ ದಪ್ಪ ಹಲಗೆಯನ್ನು ನೋಡಿ. ಕುವೆಂಪು ಕಾದಂಬರಿಗಳಲ್ಲಿ ಮತ್ತೆ ಮತ್ತೆ ಬರುವ ಕೆಸರುಹಲಗೆ ಎಂದರೆ ಇದೇ. ಬಯಲುಸೀಮೆಯ ಓದುಗರು ಆ ಪದದ ಹತ್ತಿರ ಮುಗ್ಗರಿಸಿ ಮುಂದೆ ಹೋಗುವುದೇ ಜಾಸ್ತಿ. ಇಲ್ಲಿ ಕಣ್ಣಾರೆ ಕಂಡರೆ ಯಾರು ಜಗಲಿಯ ಮೇಲೆ ಕೂರುತ್ತಿದ್ದರು, ಯಾರು ಅಂಗಳದಲ್ಲೇ ನಿಂತು ಮಾತಾಡಬೇಕಿತ್ತು ಎಂಬ ಮಲೆನಾಡಿನ ಮೇಲುಕೀಳಿನ ಲೆಕ್ಕ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ತೆರೆದ ಅಂಗಳ ಬರೀ ಅಂದಕ್ಕಲ್ಲ. ಹಗಲೂ ದೀಪ ಬೇಕೆನಿಸುವ ಮಳೆಗಾಲದಲ್ಲಿ ಮನೆಗೆ ಬೆಳಕು ಬರುವ ದಾರಿ ಅದು. ಸೂರಿನ ನೀರೆಲ್ಲ ಅಲ್ಲೇ ಸುರಿದು ಹೊರಗೆ ಹರಿಯುತ್ತದೆ. ಅಡುಗೆಯ ಪಾತ್ರೆ, ಬೇಸಾಯದ ಸಲಕರಣೆ, ಬಾಣಂತಿ ಕೋಣೆ, ಕವಿಯ ಮದುವೆಯ ಮಂಟಪ ಎಲ್ಲ ಇವೆ. ಮದುವೆ 1937ರಲ್ಲಿ, ದೇವಂಗಿ ಮನೆತನದ ಹೇಮಾವತಿಯವರ ಜೊತೆ.

ಮೇಲೆ ಪುಸ್ತಕ, ಫೋಟೋ, ಪ್ರಶಸ್ತಿ. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದವರು ಇವರೇ, 1967ನೇ ಸಾಲಿನದು. 2015ರ ನವೆಂಬರ್‌ನಲ್ಲಿ ಇಲ್ಲಿ ಕಳ್ಳತನವಾಗಿ ಪದ್ಮ ಪದಕಗಳು ಹೋದವು, ಜ್ಞಾನಪೀಠ ಉಳಿಯಿತು. ಈ ಭಾಗಕ್ಕೆ ಹದಿನೈದು ನಿಮಿಷ ಧಾರಾಳ.

ಗಾಜಿನ ಪೆಟ್ಟಿಗೆಯಲ್ಲಿ ಇಡಲಾಗದ್ದು ಮೇಷ್ಟರ ಕೆಲಸ. 1929ರಲ್ಲಿ ಕನ್ನಡ ಎಂ.ಎ. ಮುಗಿಸಿ ಅದೇ ವರ್ಷ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಉಪನ್ಯಾಸಕರಾದರು. 1936ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋಗಿ, ಮತ್ತೆ ಮೈಸೂರಿಗೆ ಮರಳಿದರು. 1955ರಲ್ಲಿ ಮಹಾರಾಜ ಕಾಲೇಜಿನ ಪ್ರಿನ್ಸಿಪಾಲರಾದರು, 1956ರಿಂದ 1960ರವರೆಗೆ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ಮೈಸೂರು ವಿಶ್ವವಿದ್ಯಾಲಯದಲ್ಲೇ ಓದಿ ಅದರ ಕುಲಪತಿಯಾದ ಮೊದಲಿಗರು. ಅದರ ಆವರಣಕ್ಕೆ ಮಾನಸಗಂಗೋತ್ರಿ ಎಂಬ ಹೆಸರಿಟ್ಟವರೂ ಅವರೇ. ದೇಜಗೌ, ಜಿ.ಎಸ್. ಶಿವರುದ್ರಪ್ಪ ಅವರ ಶಿಷ್ಯರು. ಇಷ್ಟೂ ವರ್ಷ ನಡೆದದ್ದು ಊರುಗಳಲ್ಲಿ, ಕಾಡಿನಿಂದ ದೂರ. ಮಲೆನಾಡಿನ ಕವಿತೆಯ ಬಹುಪಾಲು ಬಂದದ್ದು ಮೈಸೂರಿನ ಮೇಜಿನ ಮೇಲೆ. ರಜೆಗೆ ಬಂದು ಕಣ್ಣು ತುಂಬಿಕೊಂಡು ಹೋಗುತ್ತಿದ್ದುದು ಕುಪ್ಪಳಿಯಿಂದ. ಇದು ತಲೆಯಲ್ಲಿದ್ದರೆ ಮುಂದಿನ ಬಂಡೆ ಬೇರೆಯೇ ಕಾಣುತ್ತದೆ.

ಕವಿಶೈಲಕ್ಕೆ ಮನೆಯ ಕಡೆಯಿಂದ ಕಾಲುದಾರಿ, ನಿಧಾನಕ್ಕೆ ಹತ್ತಿದರೆ ಕಾಲು ಗಂಟೆ. ಮಂಡಿ ನೋವಿನವರಿಗೆ ವಾಹನದ ರಸ್ತೆಯೂ ಇದೆ. ಸಾಧ್ಯವಿದ್ದವರು ನಡೆದೇ ಹೋಗಿ. ಕಾಜಾಣ, ಪಿಕಳಾರ, ಮಡಿವಾಳ ಹಕ್ಕಿಯ ದನಿ ಕೇಳಬೇಕೆಂದರೆ ಎಂಜಿನ್ ಸದ್ದು ಇರಬಾರದು. ಮೇಲೆ ದುಂಡಾಗಿ ನಿಲ್ಲಿಸಿದ ದೈತ್ಯ ಕಲ್ಲುಗಳು ಕಲಾವಿದ ಕೆ.ಟಿ. ಶಿವಪ್ರಸಾದ್ ಅವರ ವಿನ್ಯಾಸ. ಅದರ ನಡುವೆ ಸಮಾಧಿ. ಕವಿ ತೀರಿಕೊಂಡದ್ದು 1994ರ ನವೆಂಬರ್‌ನಲ್ಲಿ. ಕಲ್ಲುಗಳು ದೊಡ್ಡವು, ಫೋಟೋಗೆ ಚೆನ್ನ. ಆದರೂ ಅಲ್ಲೇ ನಿಂತುಬಿಡಬೇಡಿ. ಪಡುವಣಕ್ಕೆ ತೆರೆದ ಬಂಡೆಯ ಕಡೆ ಬನ್ನಿ.

ಬಂಡೆಯ ಮೈಮೇಲೆ ಕೊರೆದ ಹೆಸರುಗಳಿವೆ: ಬಿ.ಎಂ.ಶ್ರೀ, ಟಿ.ಎಸ್. ವೆಂಕಣ್ಣಯ್ಯ, ಕುವೆಂಪು. ಇಬ್ಬರು ಗುರುಗಳು, ಒಬ್ಬ ಶಿಷ್ಯ. ಎಂ.ಎ. ತರಗತಿಯಲ್ಲಿ ಪಾಠ ಹೇಳಿದ ವೆಂಕಣ್ಣಯ್ಯನವರಿಗೇ ಮುಂದೆ ತಮ್ಮ ಮಹಾಕಾವ್ಯ ‘ಶ್ರೀ ರಾಮಾಯಣ ದರ್ಶನಂ’ ಅನ್ನು ಅರ್ಪಿಸಿದರು. ಅದು ಅಚ್ಚಾದದ್ದು 1949ರಲ್ಲಿ, ಹತ್ತು ವರ್ಷದ ಹಿಂದೆಯೇ ಗುರುಗಳು ತೀರಿಕೊಂಡಿದ್ದರು. ಮನೆಯೊಳಗೆ ಸಿಗದ ಮೇಷ್ಟರು ಇಲ್ಲಿ ಸಿಗುತ್ತಾರೆ. ಅಕ್ಷರಗಳು ಸಂಜೆಯ ಓರೆ ಬಿಸಿಲಿಗೆ ಎದ್ದು ಕಾಣುತ್ತವೆ. ನೆತ್ತಿಯ ಮೇಲೆ ಸೂರ್ಯ ಇದ್ದಾಗ ಗೀರಿನಲ್ಲಿ ನೆರಳು ಬೀಳದೆ ಕಲ್ಲಿನ ಬಣ್ಣದಲ್ಲೇ ಕರಗಿಹೋಗುತ್ತವೆ. ಇದನ್ನು ನೋಡಿ ತಾವೂ ಕೀಲಿಕೈಯಿಂದ ಹೆಸರು ಕೊರೆಯಲು ಕೂರುವ ಮಹಾನುಭಾವರಿಗೆ ಹೇಳಿ ಪ್ರಯೋಜನವಿಲ್ಲ, ಜೊತೆಯಲ್ಲಿರುವ ಮಕ್ಕಳಿಗಾದರೂ ಹೇಳಿ. ಬ್ಲೂಟೂತ್ ಸ್ಪೀಕರ್ ಕಾರಿನಲ್ಲೇ ಇರಲಿ.

ಸೂರ್ಯ ಮುಳುಗುವುದು ಡಿಸೆಂಬರಿನಲ್ಲಿ ಆರು ದಾಟಿ ಸ್ವಲ್ಪ ಹೊತ್ತಿಗೆ, ಮೇ ತಿಂಗಳಲ್ಲಿ ಏಳರ ಹತ್ತಿರ. ಮುಳುಗಿದ ಕೂಡಲೇ ಎದ್ದು ಹೊರಡುವುದು ಎರಡನೇ ದೊಡ್ಡ ತಪ್ಪು. ಬಣ್ಣ ಏರುವುದು ಅದಾದ ಮೇಲಿನ ಇಪ್ಪತ್ತು ನಿಮಿಷದಲ್ಲಿ, ಸಾಲುಮಲೆಗಳು ಒಂದರ ಹಿಂದೊಂದು ನೀಲಿಯಾಗಿ ಬೇರ್ಪಡುವುದೂ ಆಗಲೇ. ಬೆಟ್ಟವನ್ನು ಅಲೆಯೆಂದು ಕರೆದ ಕವಿತೆಗಳಲ್ಲಿ ಉತ್ಪ್ರೇಕ್ಷೆ ಎಷ್ಟು ಕಡಿಮೆ ಎಂದು ಗೊತ್ತಾಗುತ್ತದೆ.

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಡಿಸೆಂಬರ್ 29 ವಿಶ್ವಮಾನವ ದಿನ; ಕಾರ್ಯಕ್ರಮ ಬೇಕಿದ್ದವರು ಅಂದು ಬನ್ನಿ, ಮೌನ ಬೇಕಿದ್ದವರು ಆ ವಾರ ಬಿಟ್ಟುಬಿಡಿ. ಮಾರ್ಚ್ ನಂತರ ಬೇಸಿಗೆಯ ಮಬ್ಬಿನಿಂದ ದೂರದ ಸಾಲುಗಳು ಕಾಣುವುದಿಲ್ಲ. ಮಳೆಗಾಲದಲ್ಲಿ ಮನೆ ಅತ್ಯಂತ ಚಂದ, ಬಂಡೆ ಅತ್ಯಂತ ಅಪಾಯ. ಪಾಚಿ ಹಿಡಿದ ಕಲ್ಲಿನ ಮೇಲೆ ರಬ್ಬರ್ ಚಪ್ಪಲಿ ಹಾಕಿಕೊಂಡವರು ಜಾರುತ್ತಾರೆ, ಇಳಿಜಾರಿನ ಕಡೆ ಕಾಲಿಡಲೇಬೇಡಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಕಾಲುದಾರಿಯಲ್ಲಿ ಇಂಬಳ, ಅಂದರೆ ನೆಲದ ಜಿಗಣೆ, ಖಂಡಿತ. ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ತುರುಕಿ, ಕಾಲುಚೀಲಕ್ಕೆ ಉಪ್ಪೋ ಹೊಗೆಸೊಪ್ಪಿನ ಪುಡಿಯೋ ಸವರಿ. ಹತ್ತಿದರೆ ಎಳೆಯಬೇಡಿ; ಸ್ವಲ್ಪ ಸುಣ್ಣ ಮುಟ್ಟಿಸಿದರೆ ತಾನೇ ಬೀಳುತ್ತದೆ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಅದಕ್ಕೇ ಬಿದ್ದ ಮೇಲೂ ಸುರಿಯುತ್ತಿರುತ್ತದೆ. ಬಟ್ಟೆ ಒತ್ತಿ ಹಿಡಿದರೆ ನಿಲ್ಲುತ್ತದೆ.

ಮಾರನೇ ದಿನವೂ ಬಿಡುವಿದ್ದರೆ ಬೆಳಿಗ್ಗೆ ತುಂಗೆಯ ದಡದ ಸಿಬ್ಬಲುಗುಡ್ಡೆಗೆ ಹೋಗಿ. ಹಾರುವ ಹಕ್ಕಿಸಾಲನ್ನು ದೇವರ ರುಜು ಎಂದು ಕವಿ ಕಂಡದ್ದು ಅಲ್ಲಿ. ಈಗ ಅದು ಮತ್ಸ್ಯಧಾಮ, ಮೀನು ಹಿಡಿಯುವಂತಿಲ್ಲ. ಎಲ್ಲರೂ ನೀರಿನತ್ತ ಬಗ್ಗಿ ಮೀನು ನೋಡುತ್ತಿರುತ್ತಾರೆ. ನೀವು ತಲೆಯೆತ್ತಿ ನಿಲ್ಲಿ.